ಮದ್ರಾಸಿನ ಮರದಡಿಯ ಉಡುಪಿ ಹೋಟೆಲು

ಚೆನ್ನೈನ ಕ್ಯಾಥೆಡ್ರಲ್ ರಸ್ತೆಯ ಈ ತೋಟ ನೋಡಿ, ಸೆಮ್ಮೊಳಿ ಪೂಂಗಾ. 2008ರವರೆಗೂ ಇಲ್ಲಿ ಮರದ ನೆರಳಲ್ಲಿ ಕಾರು ನಿಲ್ಲಿಸಿದರೆ ಸಾಕಿತ್ತು. ಮಾಣಿ ಬಂದು ಕಿಟಕಿಗೇ ಟ್ರೇ ಸಿಕ್ಕಿಸುತ್ತಿದ್ದ. ಅದರ ಮೇಲೆ ಬಿಸಿ ದೋಸೆ, ಚಟ್ನಿ, ಪಕ್ಕದಲ್ಲಿ ನೊರೆ ಕಾಫಿ. ಅದೇ ವುಡ್‌ಲ್ಯಾಂಡ್ಸ್ ಡ್ರೈವ್-ಇನ್!

1962ರಲ್ಲಿ ಇದನ್ನು ತೆರೆದವರು ನಮ್ಮ ಕರಾವಳಿಯ ಕಡಂದಲೆಯ ಕೃಷ್ಣರಾಯರು. ಮದ್ರಾಸಿಗೆ ಬಂದ ಹೊಸದರಲ್ಲಿ ಬೇರೆಯವರ ಹೋಟೆಲಿನಲ್ಲಿ ಪಾತ್ರೆ ತೊಳೆದರು, ಹಿಟ್ಟು ರುಬ್ಬಿದರು. 1938ರಲ್ಲಿ ರಾಯಪೇಟೆಯಲ್ಲಿ ರಾಮನಾಡಿನ ರಾಜರ ಬಂಗಲೆಯನ್ನು ಹೋಟೆಲಿಗೆಂದು ಗುತ್ತಿಗೆ ಹಿಡಿದರು. ಆ ಬಂಗಲೆಯ ಹೆಸರೇ ವುಡ್‌ಲ್ಯಾಂಡ್ಸ್. ರುಬ್ಬುಕಲ್ಲಿನ ಮುಂದೆ ಕೂತಿದ್ದ ಹುಡುಗ ಅಷ್ಟು ದೂರ ಬಂದದ್ದು ನನಗಂತೂ ದೊಡ್ಡ ಸಂಗತಿ.

ಡ್ರೈವ್-ಇನ್‌ನ ನಿಜವಾದ ಸುಖ ಕಾರಿನವರದ್ದಷ್ಟೇ ಅಲ್ಲ. ಒಳಗೆ ಮೇಜಿನ ಮುಂದೆ ಒಂದು ಕಾಫಿ ಹೇಳಿ ಗಂಟೆಗಟ್ಟಲೆ ಹರಟುವವರು, ಕೆಲಸದ ನಡುವೆ ದಣಿವಾರಿಸಿಕೊಳ್ಳುವ ಮೆಡಿಕಲ್ ರೆಪ್‌ಗಳು, ಎಲ್ಲರಿಗೂ ಅಲ್ಲಿ ಜಾಗವಿತ್ತು.

ದೂರದ ಪೋಲೆಂಡಿನಲ್ಲೂ ಹೀಗೆ ಎಲ್ಲರಿಗೂ ಜಾಗವಿರುವ ಒಂದು ಬಗೆಯ ಊಟದ ಮನೆ ಉಂಟು. ಹೆಸರು 'ಹಾಲಿನ ಬಾರ್'. ಹೆಂಡದ್ದಲ್ಲ, ಹಾಲಿನದೇ! ಮೊದಲನೆಯದು 1896ರಲ್ಲಿ ವಾರ್ಸಾದಲ್ಲಿ ಶುರುವಾಯಿತು. ಹಾಲು, ಮೊಟ್ಟೆ, ಹಿಟ್ಟಿನ ಅಡುಗೆ, ಕಡಿಮೆ ದುಡ್ಡಿಗೆ ಹೊಟ್ಟೆ ತುಂಬ. ಅಲ್ಲಿನ ಪಿಯೆರೋಗಿ ನೋಡಿ: ಒಳಗೆ ಆಲೂಗಡ್ಡೆ, ಪನೀರಿನಂಥ ಚೀಸ್, ಅಂಚು ಒತ್ತಿ ಮಡಚಿದ್ದು. ಥೇಟ್ ನಮ್ಮ ಕರಿಗಡುಬಿನ ತಂಗಿ.

ಡ್ರೈವ್-ಇನ್ ಈಗಿಲ್ಲ. ಆದರೆ ಚೆನ್ನೈನ ರಾಧಾಕೃಷ್ಣನ್ ಸಾಲೈಯಲ್ಲಿ ನ್ಯೂ ವುಡ್‌ಲ್ಯಾಂಡ್ಸ್ ಹೋಟೆಲು ಇದೆ. ಹೋದರೆ ಮೊದಲು ಕಾಫಿ ಹೇಳಿ.