ಫೋಟೊದಲ್ಲಿ ನೀರು ಕಾಣುತ್ತೆ, ಮೊಸಳೆ ಕಾಣಲ್ಲ: ರೆಸಾರ್ಟ್ ಜಾಹೀರಾತು ಮತ್ತು ಅತಿಥಿಯ ಜೀವ

ದಾಂಡೇಲಿ, ಜೋಯಿಡಾ ಭಾಗದ ರೆಸಾರ್ಟ್, ಹೋಮ್‌ಸ್ಟೇಗಳ ಪೇಜ್‌ಗಳನ್ನ ಒಮ್ಮೆ ತೆರೆದು ನೋಡಿ. ಕಾಳಿ ನದಿ, ಹಸಿರು ದಡ, ನೀರಲ್ಲಿ ಕಾಲು ಇಳಿಬಿಟ್ಟು ಕೂತ ಹುಡುಗಿ, ಪಕ್ಕದಲ್ಲೊಂದು ಚಹಾ ಕಪ್. ಫೋಟೊ ನೋಡಿದ ಬೆಂಗಳೂರಿನವರಿಗೆ, ಹುಬ್ಬಳ್ಳಿಯವರಿಗೆ ಶನಿವಾರ ಬೆಳಿಗ್ಗೆಯೇ ಗಾಡಿ ಹತ್ತಬೇಕು ಅನ್ನಿಸುತ್ತೆ. ಅನ್ನಿಸಲಿ, ಫೋಟೊ ಹಾಕೋದೇ ಅದಕ್ಕೆ. ಆದರೆ ಆ ನೀರಲ್ಲಿ ಮೊಸಳೆ ಇದೆ ಅನ್ನೋದು ಊರಿನ ಮಕ್ಕಳಿಗೂ ಗೊತ್ತು. ಫೋಟೊ ನೋಡಿ ಬರುವವರಿಗೆ ಗೊತ್ತಿರಲ್ಲ.

ಈ ವ್ಯತ್ಯಾಸದಿಂದ ಏನಾಗಬಹುದು ಅನ್ನೋದಕ್ಕೆ ಅಮೆರಿಕದ ಫ್ಲೋರಿಡಾದಲ್ಲಿ 2016ರಲ್ಲಿ ನಡೆದ ಘಟನೆಗಿಂತ ಸ್ಪಷ್ಟ ಉದಾಹರಣೆ ಸಿಗೋದು ಕಷ್ಟ. ಅಲ್ಲಿನ ಹೋಟೆಲ್ ನಮ್ಮ ಕಡೆಯ ಹೋಮ್‌ಸ್ಟೇ ಥರದ್ದಲ್ಲ. ಪ್ರಪಂಚದಲ್ಲೇ ಹೆಸರು ಮಾಡಿದ ಡಿಸ್ನಿ ಕಂಪನಿಯ ಐಷಾರಾಮಿ ರೆಸಾರ್ಟ್, ಗ್ರ್ಯಾಂಡ್ ಫ್ಲೋರಿಡಿಯನ್. ದುಡ್ಡಿಗಾಗಲಿ, ಸಿಬ್ಬಂದಿಗಾಗಲಿ, ವಕೀಲರಿಗಾಗಲಿ ಕೊರತೆ ಇರಲಿಲ್ಲ.

ರೆಸಾರ್ಟ್ ಮುಂದೆ ಸೆವೆನ್ ಸೀಸ್ ಲಗೂನ್ ಅನ್ನೋ ಕೆರೆ ಇದೆ. ಮನುಷ್ಯರೇ ತೋಡಿಸಿದ್ದು. ದಡಕ್ಕೆ ಬಿಳಿ ಮರಳು, ಮರಳಿನ ಮೇಲೆ ಒರಗಿಕೊಳ್ಳುವ ಕುರ್ಚಿಗಳು. ಸಂಜೆ ಹೊತ್ತು ಬಯಲಲ್ಲೇ ಪರದೆ ಕಟ್ಟಿ ಮಕ್ಕಳಿಗೆ ಸಿನಿಮಾ ತೋರಿಸೋರು. ಜೂನ್ 14ರ ರಾತ್ರಿ ಸುಮಾರು ಒಂಬತ್ತು ಗಂಟೆ. ನೆಬ್ರಾಸ್ಕಾ ರಾಜ್ಯದಿಂದ ರಜೆಗೆ ಬಂದಿದ್ದ ಕುಟುಂಬವೊಂದು ಆ ದಂಡೆಯ ಮೇಲಿತ್ತು. ಎರಡು ವರ್ಷದ ಮಗ ಮರಳಲ್ಲಿ ಆಡುತ್ತಿದ್ದ. ಬಕೆಟ್‌ಗೆ ನೀರು ತುಂಬಿಕೊಳ್ಳೋಕೆ ಅಂತ ನೀರಿನ ಅಂಚಲ್ಲಿ ಬಾಗಿದ. ಅಲಿಗೇಟರ್ ಜಾತಿಯ ಮೊಸಳೆ ಹಿಡಿದುಬಿಟ್ಟಿತು. ತಂದೆ ನೀರಿಗೆ ನುಗ್ಗಿ ಬರಿಗೈಲಿ ದವಡೆ ಬಿಡಿಸೋಕೆ ಹೋರಾಡಿದರು, ಆಗಲಿಲ್ಲ. ಮಾರನೇ ದಿನ ಮಧ್ಯಾಹ್ನ ಮಗುವಿನ ದೇಹ ಅದೇ ಕೆರೆಯಲ್ಲಿ, ಘಟನೆ ನಡೆದ ಜಾಗದ ಹತ್ತಿರವೇ ಸಿಕ್ಕಿತು.

ಮಗು ಈಜಲು ಇಳಿದಿರಲಿಲ್ಲ. ಅಪ್ಪ ಅಮ್ಮ ಕಣ್ಣು ತಪ್ಪಿಸಿಯೂ ಇರಲಿಲ್ಲ. ಮರಳಿನ ದಂಡೆಯಲ್ಲಿ ಯಾವ ಮಗುವಾದರೂ ಮಾಡುವುದನ್ನೇ ಅವನೂ ಮಾಡಿದ್ದ.

ಹಾಗಾದರೆ ಎಚ್ಚರಿಕೆ ಫಲಕ ಇರಲಿಲ್ಲವಾ? ಇತ್ತು. ‘ಈಜಬಾರದು’ ಅಂತ ಬರೆದಿತ್ತು. ಯಾಕೆ ಈಜಬಾರದು ಅನ್ನೋದು ಬರೆದಿರಲಿಲ್ಲ. ಮೊಸಳೆ ಅನ್ನೋ ಪದವೇ ಫಲಕದಲ್ಲಿ ಇರಲಿಲ್ಲ. ನೆಬ್ರಾಸ್ಕಾ ಅಂದರೆ ಚಳಿಗಾಲದಲ್ಲಿ ಹಿಮ ಬೀಳುವ ಬಯಲು ಸೀಮೆ, ಅಲ್ಲಿ ಕಾಡು ಅಲಿಗೇಟರ್‌ಗಳಿಲ್ಲ. ಅಲ್ಲಿಂದ ಬಂದವರು ‘ಈಜಬಾರದು’ ಅನ್ನೋದನ್ನ ಹೇಗೆ ಓದಿಕೊಳ್ತಾರೆ? ಆಳ ಜಾಸ್ತಿ ಇರಬಹುದು, ಜೀವರಕ್ಷಕರು ಇಲ್ಲದೇ ಇರಬಹುದು, ದೋಣಿ ಓಡಾಡಬಹುದು. ದಡದಲ್ಲಿ ಪಾದ ನೆನೆಸಿಕೊಂಡರೆ ಏನಾಗುತ್ತೆ ಬಿಡು ಅಂದುಕೊಳ್ಳೋದು ಸಹಜ. ಯಾಕಂದ್ರೆ ಆ ಮರಳು, ಕುರ್ಚಿ, ಸಿನಿಮಾ ಪರದೆ ಎಲ್ಲವೂ ‘ಬನ್ನಿ, ಇಲ್ಲೇ ಕೂರಿ’ ಅಂತ ಹೇಳ್ತಾ ಇದ್ದವು. ಒಂದು ಫಲಕದ ಮೇಲಿನ ಎರಡು ಪದ ಒಂದು ಕಡೆ, ಇಡೀ ಜಾಗದ ಆಹ್ವಾನ ಇನ್ನೊಂದು ಕಡೆ.

ಸ್ಥಳೀಯರಿಗೆ ಮಾತ್ರ ಗೊತ್ತಿತ್ತು. ಫ್ಲೋರಿಡಾದಲ್ಲಿ ಸುಮಾರು 13 ಲಕ್ಷ ಅಲಿಗೇಟರ್‌ಗಳಿವೆ, ಆ ರಾಜ್ಯದ ಎಲ್ಲ 67 ಕೌಂಟಿಗಳಲ್ಲೂ ಇವೆ. ಸಿಹಿ ನೀರು ಕಂಡಲ್ಲಿ ಮೊಸಳೆ ಇದೆ ಅಂತಲೇ ಅಲ್ಲಿನವರು ಲೆಕ್ಕ ಹಾಕೋದು. ಸಂಜೆಯಿಂದ ಬೆಳಗಿನ ಜಾವದವರೆಗೆ ಅವು ಬೇಟೆಗೆ ಇಳಿಯುತ್ತವೆ ಅನ್ನೋದೂ ಗೊತ್ತು. ರೆಸಾರ್ಟ್‌ನವರಿಗೂ ಇದು ಹೊಸದಲ್ಲ. ತೊಂದರೆ ಕೊಡುವ ಅಲಿಗೇಟರ್‌ಗಳನ್ನ ಆ ಜಾಗದಿಂದ ಹಿಡಿಸುವ ಕೆಲಸ ವರ್ಷಗಳಿಂದ ನಡೆದೇ ಇತ್ತು. ಅಂದ್ರೆ ಅಪಾಯ ಗೊತ್ತಿದ್ದವರು ಒಂದು ಕಡೆ, ದುಡ್ಡು ಕೊಟ್ಟು ಬಂದ, ಏನೂ ಗೊತ್ತಿಲ್ಲದವರು ಇನ್ನೊಂದು ಕಡೆ.

ಘಟನೆಯ ಬಳಿಕ ಮೂರ್ನಾಲ್ಕು ದಿನದಲ್ಲೇ ಹಗ್ಗದ ಬೇಲಿ ಬಂತು. ಹೊಸ ಫಲಕ ಬಂತು: ಅಪಾಯ, ಇಲ್ಲಿ ಅಲಿಗೇಟರ್ ಮತ್ತು ಹಾವುಗಳಿವೆ, ನೀರಿನಿಂದ ದೂರ ಇರಿ, ಪ್ರಾಣಿಗಳಿಗೆ ತಿನ್ನಲು ಹಾಕಬೇಡಿ. ಜೊತೆಗೆ ಚಿತ್ರ. ಆಮೇಲೆ ದಡದುದ್ದಕ್ಕೂ ಬಂಡೆಗಲ್ಲಿನ ತಡೆ ಎದ್ದಿತು. ಪಾರ್ಕಿನ ಮೆರವಣಿಗೆಯಲ್ಲಿ ಬರುತ್ತಿದ್ದ ಮೊಸಳೆ ಗೊಂಬೆಯನ್ನೂ, ದೋಣಿ ಸವಾರಿಯಲ್ಲಿ ಗೈಡ್‌ಗಳು ಹೇಳುತ್ತಿದ್ದ ಮೊಸಳೆ ಜೋಕುಗಳನ್ನೂ ತೆಗೆದುಹಾಕಿದರು. ಕುಟುಂಬ ಕೋರ್ಟಿಗೆ ಹೋಗಲಿಲ್ಲ. 2017ರಲ್ಲಿ ರೆಸಾರ್ಟ್ ಆವರಣದಲ್ಲಿ ಮಗುವಿನ ನೆನಪಿಗೆ ಒಂದು ದೀಪಸ್ತಂಭದ ಶಿಲ್ಪ ನಿಲ್ಲಿಸಿದರು. ಆ ಫಲಕ ಬರೆಸೋಕೆ ಬೇಕಾಗಿದ್ದ ಮಾಹಿತಿ ಹಿಂದಿನ ವಾರವೂ ಅವರ ಹತ್ತಿರವೇ ಇತ್ತು ಅನ್ನೋದನ್ನ ಇಲ್ಲಿ ಮರೆಯೋ ಹಾಗಿಲ್ಲ.

ಕಾಳಿ ದಂಡೆಯ ಲೆಕ್ಕ

ಕಾಳಿಯಲ್ಲಿರೋದು ಮಗ್ಗರ್ ಜಾತಿಯ ಮೊಸಳೆ. ವನ್ಯಜೀವಿ ಸಂರಕ್ಷಣಾ ಕಾಯ್ದೆಯ ಮೊದಲ ಪರಿಚ್ಛೇದದಲ್ಲಿದೆ, ಅಂದರೆ ಹುಲಿಗೆ ಇರುವಷ್ಟೇ ರಕ್ಷಣೆ. ನಿಧಾನಕ್ಕೆ ಹರಿಯುವ ಮಡುಗಳು, ಮಣ್ಣಿನ ದಡ ಇದಕ್ಕೆ ಇಷ್ಟ; ದಡದಲ್ಲೇ ಬಿಲ ತೋಡುತ್ತೆ. ಬೇಸಿಗೆ ಶುರುವಿನಲ್ಲಿ ಮೊಟ್ಟೆ, ಮಳೆಗಾಲದ ಹೊಸ್ತಿಲಲ್ಲಿ ಮರಿ. ಗೂಡಿನ ಹತ್ತಿರ ಹೋದವರನ್ನ ತಾಯಿ ಸುಮ್ಮನೆ ಬಿಡಲ್ಲ. ಆ ತಿಂಗಳುಗಳೇ ಮಕ್ಕಳಿಗೆ ರಜೆ, ರೆಸಾರ್ಟ್‌ಗಳಿಗೆ ಸೀಸನ್.

2021ರ ಅಕ್ಟೋಬರ್‌ನಲ್ಲಿ ದಾಂಡೇಲಿಯಲ್ಲೇ ನದಿ ದಡದಲ್ಲಿ ಮೀನು ಹಿಡಿಯುತ್ತಿದ್ದ ಬಾಲಕನೊಬ್ಬನನ್ನ ಮೊಸಳೆ ಎಳೆದೊಯ್ದಿತ್ತು. ಊರಿನ ಹುಡುಗ, ನದಿ ಗೊತ್ತಿದ್ದವನು. ಅವನಿಗೇ ಹಾಗಾಯ್ತು ಅಂದ್ರೆ ಮೊದಲ ಸಲ ನದಿ ನೋಡುವವರ ಕಥೆ ಏನು?

ಇದರಲ್ಲಿ ಒಂದು ವಿಚಿತ್ರವೂ ಇದೆ. ದಾಂಡೇಲಿ ಪ್ಯಾಕೇಜ್‌ಗಳಲ್ಲಿ ‘ಮೊಸಳೆ ವೀಕ್ಷಣೆ’ ಅಂತ ಒಂದು ಸಾಲು ಇದ್ದೇ ಇರುತ್ತೆ ಅನ್ನುವಷ್ಟು ಮಾಮೂಲು. ಅದೇ ಪಟ್ಟಿಯಲ್ಲಿ ಎರಡು ಸಾಲು ಕೆಳಗೆ ನದಿ ಸ್ನಾನ, ತೆಪ್ಪ ಸವಾರಿ. ಗಿರಾಕಿ ಸೆಳೆಯೋಕೆ ಬೇಕಾದಾಗ ಮೊಸಳೆ ಪ್ಯಾಕೇಜಿನೊಳಗೆ ಬರುತ್ತೆ, ಸ್ನಾನದ ಫೋಟೊ ಹಾಕುವಾಗ ಮಾಯ. ಅಮೆರಿಕದವರು ದುರಂತ ಆದಮೇಲೆ ಮೊಸಳೆ ಗೊಂಬೆಯನ್ನೇ ತೆಗೆದರು. ಇಲ್ಲಿ ಅಷ್ಟೆಲ್ಲ ಬೇಕಾಗಿಲ್ಲ. ಮೊಸಳೆ ಎಲ್ಲಿ ಕಾಣುತ್ತೆ ಅಂತ ಹೇಳುವವರು, ಎಲ್ಲಿ ಇಳಿಯಬಾರದು ಅಂತಲೂ ಹೇಳಿದರೆ ಆಯ್ತು.

ನೀರಿನದ್ದೂ ಅದೇ ಕಥೆ. ಮೇಲೆ ಸೂಪಾ ಅಣೆಕಟ್ಟು ಇದೆ, ವಿದ್ಯುತ್ ಉತ್ಪಾದನೆಗೆ ನೀರು ಬಿಟ್ಟಾಗ ಕೆಳಗೆ ಮಟ್ಟ ಏರುತ್ತೆ. ಬೆಳಿಗ್ಗೆ ಹತ್ತಕ್ಕೆ ತೆಗೆದ ಫೋಟೊದಲ್ಲಿ ಕಾಣುವ ಬಂಡೆ ಸಂಜೆ ಇರಲೇಬೇಕು ಅಂತಿಲ್ಲ. ಫೋಟೊ ನೋಡಿ ಆ ಬಂಡೆಯನ್ನೇ ಹುಡುಕಿಕೊಂಡು ಬರುವವರು ಇರ್ತಾರೆ, ಅದೇ ಭಂಗಿಯಲ್ಲಿ ರೀಲ್ಸ್ ಮಾಡಬೇಕು ಅಂತ.

ವಯನಾಡಿನ ಟೆಂಟ್

ಮೊಸಳೆ ಮಾತ್ರವೇ ಅಲ್ಲ. ಪಕ್ಕದ ಕೇರಳದ ವಯನಾಡ್ ಜಿಲ್ಲೆಯ ಮೇಪ್ಪಾಡಿ ಬಳಿ 2021ರ ಜನವರಿ 23ರ ರಾತ್ರಿ, ರೆಸಾರ್ಟೊಂದರ ಟೆಂಟಿನಲ್ಲಿ ತಂಗಿದ್ದ ಕಣ್ಣೂರಿನ ಶಿಕ್ಷಕಿಯೊಬ್ಬರು ಕಾಡಾನೆ ದಾಳಿಗೆ ಬಲಿಯಾದರು. ವಯಸ್ಸು 26. ಟೆಂಟ್ ಹಾಕಿದ್ದ ಜಾಗ ಕಾಡಿಗೆ ತೀರಾ ಹತ್ತಿರ. ಹೋಮ್‌ಸ್ಟೇ ಪರವಾನಗಿ ಇತ್ತು, ಟೆಂಟ್ ಹಾಕೋಕೆ ಅನುಮತಿ ಇರಲಿಲ್ಲ ಅಂತ ಅಧಿಕಾರಿಗಳು ಹೇಳಿದರು. ಜಿಲ್ಲಾಧಿಕಾರಿ ರೆಸಾರ್ಟ್ ಮುಚ್ಚಿಸಿದರು, ಜಿಲ್ಲೆಯ ಉಳಿದ ರೆಸಾರ್ಟ್‌ಗಳ ತಪಾಸಣೆಗೂ ಆದೇಶವಾಯಿತು.

ಕಾಡಿನ ಅಂಚು, ಹಳದಿ ಬೆಳಕಿನ ಟೆಂಟ್, ಮುಂದೆ ಕ್ಯಾಂಪ್ ಫೈರ್. ಈ ಫೋಟೊ ಇವತ್ತು ಕೊಡಗು, ಚಿಕ್ಕಮಗಳೂರು, ಜೋಯಿಡಾ ಎಲ್ಲ ಕಡೆಯೂ ಓಡುತ್ತೆ. ಟೆಂಟ್ ಕಾಡಿಗೆ ಹತ್ತಿರ ಇದ್ದಷ್ಟೂ ಫೋಟೊ ಚೆಂದ. ರಾತ್ರಿ ಶೌಚಾಲಯಕ್ಕೆ ಎಷ್ಟು ಹೆಜ್ಜೆ ನಡೀಬೇಕು, ದಾರಿಗೆ ಲೈಟ್ ಇದೆಯಾ, ಆ ದಾರಿ ಆನೆ ಓಡಾಡುವ ದಾರಿಯೋ ಅನ್ನೋದು ಫೋಟೊದಲ್ಲಿ ಬರಲ್ಲ.

ಕಾನೂನು ಏನನ್ನುತ್ತೆ?

‘ಕಾಡುಪ್ರಾಣಿ ಮಾಡಿದ್ದಕ್ಕೆ ನಾವೇನು ಮಾಡೋಕಾಗುತ್ತೆ’ ಅನ್ನೋದು ಓನರುಗಳ ಸಾಮಾನ್ಯ ಮಾತು. ಅರ್ಧ ನಿಜ. ಆನೆ, ಮೊಸಳೆ ಯಾರ ಸೊತ್ತೂ ಅಲ್ಲ. ಆದರೆ ಅತಿಥಿಯನ್ನ ಕರೆಸಿದ್ದು ಯಾರು?

2019ರ ಗ್ರಾಹಕ ಸಂರಕ್ಷಣಾ ಕಾಯ್ದೆಯಲ್ಲಿ ‘ಸೇವೆ’ ಅನ್ನೋದರಲ್ಲಿ ಊಟ, ವಸತಿ ಎರಡೂ ಸೇರಿವೆ. ಬೇಕಂತಲೇ ಮುಖ್ಯ ಮಾಹಿತಿ ಮುಚ್ಚಿಟ್ಟ ಜಾಹೀರಾತು ಕೂಡ ‘ದಾರಿ ತಪ್ಪಿಸುವ ಜಾಹೀರಾತು’ ಅಂತ ಅದೇ ಕಾಯ್ದೆ ಹೇಳುತ್ತೆ. ಸುಳ್ಳೇ ಹೇಳಿರಬೇಕು ಅಂತಿಲ್ಲ, ಹೇಳಬೇಕಾದ್ದನ್ನ ಬಚ್ಚಿಟ್ಟರೂ ಸಾಕು. ಕೇಂದ್ರ ಗ್ರಾಹಕ ಸಂರಕ್ಷಣಾ ಪ್ರಾಧಿಕಾರ 10 ಲಕ್ಷ ರೂಪಾಯಿವರೆಗೆ ದಂಡ ಹಾಕಬಹುದು, ಮತ್ತೆ ಮಾಡಿದರೆ 50 ಲಕ್ಷದವರೆಗೆ. ಪ್ರಚಾರ ಮಾಡಿಕೊಡುವವರನ್ನೂ ಕಾಯ್ದೆ ಬಿಟ್ಟಿಲ್ಲ. ಎರಡು ದಿನ ಫ್ರೀ ರೂಮು ತಗೊಂಡು ರೀಲ್ಸ್ ಹಾಕುವ ಹುಡುಗರು ಇದನ್ನ ತಿಳ್ಕೊಂಡಿರೋದು ಒಳ್ಳೇದು.

ಹಳೆಯ ಪ್ರಕರಣವೊಂದು ಇಲ್ಲಿ ಹೊಂದುತ್ತೆ. 1972ರಲ್ಲಿ ದಿಲ್ಲಿಯ ಪಂಚತಾರಾ ಹೋಟೆಲೊಂದರ ಈಜುಕೊಳದಲ್ಲಿ ಜರ್ಮನಿಯ ಸಹ ಪೈಲಟ್ ಒಬ್ಬರು ಜಿಗಿಯುವ ಹಲಗೆಯಿಂದ ನೀರಿಗೆ ಹಾರಿದರು. ತಲೆ ಕೊಳದ ತಳಕ್ಕೆ ಬಡಿದು ದೇಹಕ್ಕೆ ಲಕ್ವಾ ಹೊಡೆಯಿತು, 13 ವರ್ಷ ನರಳಿ ತೀರಿಕೊಂಡರು. 1997ರಲ್ಲಿ ದಿಲ್ಲಿ ಹೈಕೋರ್ಟ್‌ನ ಏಕಸದಸ್ಯ ಪೀಠ 50 ಲಕ್ಷ ಪರಿಹಾರ ಕೊಡಲು ಹೇಳಿತು. ಗಾಯಾಳು ಮೊದಲೇ ತೀರಿಕೊಂಡಿದ್ದರಿಂದ ದಾವೆ ನಿಲ್ಲೋದಿಲ್ಲ ಅನ್ನೋ ಕಾರಣಕ್ಕೆ ಆ ಆದೇಶ ಮೇಲ್ಮನವಿಯಲ್ಲಿ ಬಿದ್ದುಹೋಯಿತು, ಅದು ಬೇರೆ ಮಾತು. ಹೆಚ್ಚು ದುಡ್ಡು ತಗೊಳ್ಳುವವರ ಹೊಣೆಯೂ ಹೆಚ್ಚು ಅನ್ನೋದು ಅಲ್ಲಿನ ವಾದದ ತಿರುಳು. ಜಿಗಿಯುವ ಹಲಗೆ ಹಾಕಿದ್ದೀರಿ ಅಂದ್ರೆ ಜಿಗಿಯಿರಿ ಅಂದ ಹಾಗೆ. ನದಿ ದಡಕ್ಕೆ ಕುರ್ಚಿ ಹಾಕಿ, ಅಲ್ಲೇ ಮಾಡೆಲ್ ಕೂರಿಸಿ ಫೋಟೊ ತೆಗೆದರೂ ಅಷ್ಟೇ.

ಬುಕ್ಕಿಂಗ್ ಹೋಗುತ್ತಾ?

ಹೋಮ್‌ಸ್ಟೇ ನಡೆಸುವವರ ಅಂಜಿಕೆ ಸುಳ್ಳಲ್ಲ. ಸಾಲ ಮಾಡಿ ನಾಲ್ಕು ರೂಮು ಕಟ್ಟಿದವರು ಫೋಟೊ ಕೆಳಗೆ ‘ಮೊಸಳೆ ಇದೆ’ ಅಂತ ಹಾಕಿದರೆ, ಪಕ್ಕದವನು ಹಾಕದೇ ಇದ್ದರೆ, ಗಿರಾಕಿ ಪಕ್ಕಕ್ಕೆ ಹೋಗ್ತಾನೆ ಅನ್ನೋ ಭಯ. ಅದಕ್ಕೇ ಇದನ್ನ ಒಬ್ಬೊಬ್ಬರೇ ಮಾಡೋದಕ್ಕಿಂತ ಊರಿನ ಹೋಮ್‌ಸ್ಟೇಯವರೆಲ್ಲ ಕೂತು ಒಂದೇ ಸಾಲು ಬರೆದು ಹಾಕಿದರೆ ಯಾರಿಗೂ ನಷ್ಟ ಇಲ್ಲ. ವಯನಾಡಿನಲ್ಲಿ ತಪಾಸಣೆ ಶುರುವಾದಾಗ ಸರಿಯಾಗಿ ನಡೆಸುತ್ತಿದ್ದವರ ಬಾಗಿಲಿಗೂ ಅಧಿಕಾರಿಗಳು ಹೋಗಬೇಕಾಯಿತಲ್ಲ.

ದೊಡ್ಡ ಖರ್ಚಿನ ಕೆಲಸವೂ ಅಲ್ಲ. ಅತಿಥಿ ಎಲ್ಲಿ ನಿಲ್ಲಬಾರದೋ ಅಲ್ಲಿ ಯಾರನ್ನೂ ನಿಲ್ಲಿಸಿ ಫೋಟೊ ತೆಗೆಯಬೇಡಿ. ನದಿ ಚೆಂದ ಇದೆ ಅಂತ ತೋರಿಸಬೇಕಾದರೆ ವರಾಂಡದಿಂದ ತೆಗೆಯಿರಿ, ಬೇಲಿಯೂ ಫೋಟೊದೊಳಗೆ ಬರಲಿ. ಬುಕ್ಕಿಂಗ್ ಖಾತ್ರಿಯಾದಾಗ ಲೊಕೇಶನ್ ಕಳಿಸುವ ವಾಟ್ಸ್‌ಆ್ಯಪ್ ಮೆಸೇಜಿನಲ್ಲೇ ಎರಡು ಸಾಲು ಸೇರಿಸಿ. ಬಂದವರು ಕೀ ತಗೊಳ್ಳುವಾಗ ಬಾಯಲ್ಲೂ ಹೇಳಿ, ಮಕ್ಕಳು ಜೊತೆಗಿದ್ದರೆ ಮಕ್ಕಳಿಗೇ ಹೇಳಿ. ದೊಡ್ಡವರು ಮರೆತರೂ ಅವು ಮರೆಯಲ್ಲ. ಫಲಕದಲ್ಲಿ ಕನ್ನಡ, ಇಂಗ್ಲಿಷ್, ಹಿಂದಿ ಜೊತೆಗೆ ಮೊಸಳೆ ಚಿತ್ರ ಇರಲಿ. ‘ಪ್ರವೇಶ ನಿಷೇಧ’ ಅಂತಷ್ಟೇ ಬರೆದರೆ ಯಾಕೆ ಅಂತ ತಿಳಿಯಲ್ಲ. ಕತ್ತಲಾದಮೇಲೆ ದಡದ ಕುರ್ಚಿ ಒಳಗೆ ಎತ್ತಿಡಿ.

ಅಂಗಡಿಯವರ ಪಾಲೂ ಇದರಲ್ಲಿದೆ. ಪ್ರವಾಸಿಗಳು ಮೊದಲು ನಿಲ್ಲೋದು ಬಸ್ ಸ್ಟ್ಯಾಂಡ್ ಹತ್ತಿರದ ಚಹಾ ಅಂಗಡಿಯಲ್ಲಿ, ನೀರಿನ ಬಾಟಲಿ ಕೊಳ್ಳುವಲ್ಲಿ. ‘ಅಣ್ಣಾ, ಇಲ್ಲಿ ನದಿಗೆ ಇಳಿಯೋಕೆ ಒಳ್ಳೇ ಜಾಗ ಎಲ್ಲಿದೆ?’ ಅಂತ ಕೇಳೋದೂ ಅಲ್ಲೇ. ಇನ್ನು ಕೋಳಿ, ಮಾಂಸದ ಅಂಗಡಿಗಳ ತ್ಯಾಜ್ಯ. ಫ್ಲೋರಿಡಾದಲ್ಲಿ ಅಲಿಗೇಟರ್‌ಗೆ ತಿನ್ನಿಸೋದು ಕಾನೂನು ಪ್ರಕಾರ ಅಪರಾಧ, ಯಾಕಂದ್ರೆ ಮನುಷ್ಯರಿಂದ ತಿಂದು ರೂಢಿಯಾದ ಮೊಸಳೆಗೆ ಮನುಷ್ಯರ ಭಯ ಹೋಗುತ್ತೆ, ದಡಕ್ಕೆ ಬಂದವರನ್ನ ಕಂಡರೆ ಊಟ ಬಂತು ಅಂದುಕೊಳ್ಳುತ್ತೆ. ನದಿಗೆ ಸುರಿಯುವ ಒಂದು ಚೀಲ ಕೋಳಿ ತ್ಯಾಜ್ಯದ್ದೂ ಅದೇ ಕೆಲಸ.

ಮೊಸಳೆ ದಡ ಹತ್ತಿ ಮನೆ, ರೂಮುಗಳ ಕಡೆ ಬಂದರೆ ಕಲ್ಲು ಹೊಡೆಯೋದು, ವಿಡಿಯೊ ಮಾಡೋಕೆ ಹತ್ತಿರ ಹೋಗೋದು ಬೇಡ. ಅರಣ್ಯ ಇಲಾಖೆ ಸಹಾಯವಾಣಿ 1926, ತುರ್ತು ಸೇವೆಗೆ 112. ಈ ಎರಡು ನಂಬರ್ ರೂಮಿನ ಬಾಗಿಲ ಹಿಂದೆ, ವೈಫೈ ಪಾಸ್‌ವರ್ಡ್ ಬರೆದಿರುವ ಚೀಟಿಯಲ್ಲೇ ಹಾಕಬಹುದು. ಆ ಚೀಟಿಯನ್ನ ಓದದ ಅತಿಥಿ ಇಲ್ಲ.