ಮಣ್ಣಿನ ಏಕಮಾನ ತೂಕ: ಗೋದಾಮು ಕಟ್ಟಿಸುವವರಿಗೊಂದು ಲೆಕ್ಕ

ತೂಕ ಮತ್ತು ತೇವಾಂಶಗಳ ಮಹತ್ವವನ್ನು ಕಲಬುರಗಿಯ ವರ್ತಕರಿಗೆ ಹೊಸದಾಗಿ ಹೇಳಬೇಕಾಗಿಲ್ಲ. ತೊಗರಿಯ ಕಾಳನ್ನು ಹಲ್ಲಿನಲ್ಲಿ ಕಚ್ಚಿ ನೋಡಿಯೇ ಅದರಲ್ಲಿರುವ ಹಸಿಯನ್ನು ಅಂದಾಜು ಮಾಡಬಲ್ಲ ಅನುಭವಿಗಳು ಇಲ್ಲಿನ ಅಡತ ಅಂಗಡಿಗಳಲ್ಲಿದ್ದಾರೆ. ಆದರೆ ಅದೇ ವರ್ತಕರು ದಾಲ್ ಮಿಲ್ಲಿಗೆ ಅಥವಾ ಗೋದಾಮಿಗೆ ತಳಪಾಯದೊಳಗೆ ತುಂಬಿಸುವ ಮಣ್ಣನ್ನು ಟಿಪ್ಪರಿನ ಎಣಿಕೆಯಲ್ಲಿ, ಬ್ರಾಸಿನ ದರದಲ್ಲಿ ಕೊಳ್ಳುತ್ತಾರೆ; ಅದರ ತೂಕವನ್ನಾಗಲಿ ತೇವಾಂಶವನ್ನಾಗಲಿ ಕೇಳುವವರು ವಿರಳ. ಚೀಲಗಳ ಥಪ್ಪಿಯ ಕೆಳಗೆ ನೆಲ ಕುಸಿದು ಫರಸಿ ಬಿರುಕು ಬಿಟ್ಟಾಗ ಗುತ್ತಿಗೆದಾರನೊಡನೆ ವಾದ ಆರಂಭವಾಗುತ್ತದೆ.

ಒಂದು ನಿಶ್ಚಿತ ಘನ ಅಳತೆಯ ಮಣ್ಣು ಎಷ್ಟು ತೂಗುತ್ತದೆಯೋ ಅದೇ ಅದರ ಏಕಮಾನ ತೂಕ. ಒಂದು ಘನ ಸೆಂಟಿಮೀಟರು ನೀರು 1 ಗ್ರಾಂ ತೂಗಿದರೆ, ಚೆನ್ನಾಗಿ ದಮ್ಮಸು ಮಾಡಿದ ಮಣ್ಣು ಸಾಮಾನ್ಯವಾಗಿ ಒಂದೂವರೆ ಗ್ರಾಮಿನಿಂದ ಎರಡು ಗ್ರಾಮಿನವರೆಗೆ ತೂಗುತ್ತದೆ. ಮಣ್ಣಿನಲ್ಲಿ ಕಣಗಳ ಜೊತೆಗೆ ನೀರೂ ಗಾಳಿಯೂ ಇರುವುದರಿಂದ ಕೇವಲ ಹಸಿ ತೂಕವನ್ನು ನಂಬುವಂತಿಲ್ಲ. ನೀರು ಚಿಮುಕಿಸಿದ ಮಣ್ಣು ಭಾರವಾಗಿ ತೂಗುತ್ತದೆ, ಆದರೆ ಆ ಭಾರ ಹೊರೆಯನ್ನು ಹೊರುವುದಿಲ್ಲ.

ಕಲಬುರಗಿಯ ಎರೆಮಣ್ಣಿನ ಹೆಂಟೆಗೆ ನಿರ್ದಿಷ್ಟ ಆಕಾರವಿಲ್ಲದಿರುವುದರಿಂದ ಪ್ರಯೋಗಾಲಯದಲ್ಲಿ ಅದರ ಘನ ಅಳತೆಯನ್ನು ಮೇಣದ ಸಹಾಯದಿಂದ ಕಂಡುಹಿಡಿಯುತ್ತಾರೆ. ಹೆಂಟೆಯ ತೂಕ 400 ಗ್ರಾಂ ಇದೆಯೆಂದು ಭಾವಿಸೋಣ. ಅದನ್ನು ಕರಗಿದ ಪ್ಯಾರಾಫಿನ್ ಮೇಣದಲ್ಲಿ ಅದ್ದಿ ತೆಗೆದಾಗ 418 ಗ್ರಾಂ ಆಯಿತು. ಅಂದರೆ ಮೇಣ 18 ಗ್ರಾಂ. ಮೇಣದ ಸಾಂದ್ರತೆ ಸುಮಾರು 0.9 ಆದ್ದರಿಂದ ಅದು ಆಕ್ರಮಿಸಿದ ಜಾಗ 20 ಘನ ಸೆಂ.ಮೀ. ಹೆಂಟೆಯನ್ನು ನೀರಿನಲ್ಲಿ ಮುಳುಗಿಸಿದಾಗ ಹೊರಚೆಲ್ಲಿದ ನೀರು 240 ಘನ ಸೆಂ.ಮೀ. ಇದ್ದರೆ, ಮಣ್ಣಿನ ಪಾಲು 220. ನಾನೂರನ್ನು ಇದರಿಂದ ಭಾಗಿಸಿದಾಗ 1.82 ಗ್ರಾಂ ಬರುತ್ತದೆ. ಎಂಜಿನಿಯರರು ಇದನ್ನು 9.81ರಿಂದ ಗುಣಿಸಿ, ಘನ ಮೀಟರಿಗೆ ಸುಮಾರು 17.8 ಕಿಲೋನ್ಯೂಟನ್ ಎಂದು ವರದಿಯಲ್ಲಿ ಬರೆಯುತ್ತಾರೆ. ಮೇಣ ಸವರದೆ ಮುಳುಗಿಸಿದರೆ ಎರೆಮಣ್ಣು ನೀರು ಹೀರಿ ಕರಗಿ, ಲೆಕ್ಕವೇ ಕೆಡುತ್ತದೆ.

ಅನಂತರ ಅದೇ ಮಣ್ಣಿನ ಒಂದು ತುಣುಕನ್ನು 105ರಿಂದ 110 ಡಿಗ್ರಿ ಸೆಲ್ಸಿಯಸ್ ಉಷ್ಣತೆಯ ಒಲೆಯಲ್ಲಿ ಸಾಮಾನ್ಯವಾಗಿ 24 ಗಂಟೆ ಒಣಗಿಸುತ್ತಾರೆ. ಒಣ ಮಣ್ಣಿನ ತೂಕಕ್ಕೆ ಹೋಲಿಸಿದಾಗ ನೀರು ಶೇ. 25 ಇದ್ದರೆ, 1.82ನ್ನು 1.25ರಿಂದ ಭಾಗಿಸಬೇಕು. ಒಣ ತೂಕ 1.46ಕ್ಕೆ ಇಳಿಯುತ್ತದೆ. ಗುತ್ತಿಗೆಯ ಕಾಗದದಲ್ಲಿ ಬರೆದಿರಬೇಕಾದುದು ಈ ಎರಡನೆಯ ಅಂಕಿ.

ಕಮಲಾಪುರದ ಕಡೆಯ ಮಣ್ಣಿನ ಸ್ವಭಾವ ಬೇರೆ. ಭೌಗೋಳಿಕ ಗುರುತು ಪಡೆದ ಕೆಂಪು ಬಾಳೆ ಬೆಳೆಯುವ ಆ ಕಣಿವೆಯ ಕೆಮ್ಮಣ್ಣು ಎರೆಯಷ್ಟು ಉಬ್ಬುವುದಿಲ್ಲ. ಕಲ್ಲಿಲ್ಲದ ಇಂಥ ಮಣ್ಣನ್ನು ತುಂಬಿದ ಜಾಗದಲ್ಲಿ 100 ಮಿ.ಮೀ. ಒಳವ್ಯಾಸ, 130 ಮಿ.ಮೀ. ಎತ್ತರದ ಉಕ್ಕಿನ ಕೊಳವೆಯನ್ನು ಬಡಿದಿಳಿಸಿ, ಮಾದರಿ ತೆಗೆದು ತೂಗುತ್ತಾರೆ. ಗರಸು ಬೆರೆತ ಮುರುಮಿಗೆ ಈ ಕೊಳವೆ ಒಗ್ಗದು. ಅಲ್ಲಿ ಗುಣಿ ತೋಡಿ, ಅಳತೆಯ ಮರಳು ಸುರಿದು ಗುಣಿಯ ಗಾತ್ರ ತಿಳಿಯಬೇಕು.

ಬಂದ ಅಂಕಿ ಸಾಕೋ ಸಾಲದೋ ಎಂಬುದನ್ನು ಹೇಳುವುದು ಪ್ರಾಕ್ಟರ್ ಪರೀಕ್ಷೆ. ಅಮೆರಿಕದ ಎಂಜಿನಿಯರ್ ರಾಲ್ಫ್ ಪ್ರಾಕ್ಟರ್ 1933ರಲ್ಲಿ ಪ್ರಕಟಿಸಿದ ಈ ವಿಧಾನದ ಭಾರತೀಯ ರೂಪದಲ್ಲಿ, 1000 ಘನ ಸೆಂ.ಮೀ. ಅಚ್ಚಿನೊಳಗೆ ಮಣ್ಣನ್ನು ಮೂರು ಪದರಗಳಲ್ಲಿ ತುಂಬಿ, ಪ್ರತಿ ಪದರಕ್ಕೆ 2.6 ಕಿಲೋ ಗುದ್ದಿಗೆಯಿಂದ 310 ಮಿ.ಮೀ. ಎತ್ತರದಿಂದ 25 ಪೆಟ್ಟು ಹಾಕುತ್ತಾರೆ. ನೀರಿನ ಪ್ರಮಾಣವನ್ನು ಹೆಚ್ಚಿಸುತ್ತ ಹೋದಂತೆ ಒಣ ತೂಕ ಏರಿ, ಒಂದು ಹಂತದ ನಂತರ ಇಳಿಯತೊಡಗುತ್ತದೆ. ಆ ಶಿಖರವೇ ಗರಿಷ್ಠ. ಅದು 1.80 ಇದ್ದು, ತುಂಬಿದ ಜಾಗದಲ್ಲಿ 1.65 ಮಾತ್ರ ಸಿಕ್ಕಿದರೆ ದಮ್ಮಸು ಶೇ. 92ರ ಹತ್ತಿರ, ಕರಾರಿನಲ್ಲಿ ಶೇ. 95 ಎಂದಿದ್ದರೆ ಆ ಪದರವನ್ನು ಕಿತ್ತು, ನೀರು ಸರಿಪಡಿಸಿ, ಮತ್ತೆ ರೋಲರ್ ಹಾಯಿಸಬೇಕು.

ಎರೆಮಣ್ಣಿನ ವಿಷಯದಲ್ಲಿ ಮಾತ್ರ ಹೆಚ್ಚು ತೂಕವೇ ಒಳ್ಳೆಯದೆಂದು ತಿಳಿಯಬಾರದು. ಒಣಗಿದ ಸ್ಥಿತಿಯಲ್ಲಿ ಬಲವಾಗಿ ಗುದ್ದಿದ ಎರೆ, ಮಳೆಗಾಲದಲ್ಲಿ ನೀರು ಹೀರಿ ಹೆಚ್ಚು ಉಬ್ಬಿ ಫರಸಿಯನ್ನೇ ಎತ್ತುತ್ತದೆ. ಆದಕಾರಣ ನೆಲದ ಕೆಳಗೆ ಎರೆ ತುಂಬಿಸದೆ ಮುರುಮು ತರಿಸುವುದೇ ಕ್ಷೇಮ.

ಹಣದ ಲೆಕ್ಕದಲ್ಲಿಯೂ ಈ ಅಂಕಿ ಉಪಯುಕ್ತ. ಟಿಪ್ಪರಿನಲ್ಲಿ ಸಡಿಲವಾಗಿರುವ ಮುರುಮಿನ ಒಣ ತೂಕ 1.4 ಇದ್ದು, ದಮ್ಮಸಿನ ನಂತರ 1.7 ಆದರೆ, ಇಳಿಸಿಕೊಂಡ 100 ಬ್ರಾಸು ನೆಲದಲ್ಲಿ ಸುಮಾರು 82 ಬ್ರಾಸು ಮಾತ್ರವಾಗುತ್ತದೆ. ಇದರಲ್ಲಿ ಯಾರ ಮೋಸವೂ ಇರಬೇಕೆಂದಿಲ್ಲ. ಯಾವ ಅಳತೆಗೆ ಹಣ ಎಂಬುದನ್ನು ಮೊದಲೇ ಬರೆಸಿಕೊಳ್ಳದಿದ್ದರೆ ಮಾತ್ರ ಉಳಿದ 18 ಬ್ರಾಸಿಗಾಗಿ ಜಗಳ ತಪ್ಪುವುದಿಲ್ಲ.

ಪರೀಕ್ಷೆಗೆ ಮಾದರಿ ಕಳುಹಿಸುವಾಗ ಒಂದು ಎಚ್ಚರಿಕೆ ಅಗತ್ಯ. ಕಮಲಾಪುರದಲ್ಲಿ ಬೆಳಿಗ್ಗೆ ತೆಗೆದ ಮಣ್ಣು ಬೇಸಿಗೆಯ ಬಿಸಿಲಲ್ಲಿ ತೆರೆದ ಬುಟ್ಟಿಯಲ್ಲಿ ಕಲಬುರಗಿಗೆ ಬರುವಷ್ಟರಲ್ಲಿ ತನ್ನ ತೇವಾಂಶದ ಒಂದು ಪಾಲನ್ನು ಕಳೆದುಕೊಂಡಿರುತ್ತದೆ. ಅದನ್ನು ಗಾಳಿಯಾಡದ ಪ್ಲಾಸ್ಟಿಕ್ ಚೀಲದಲ್ಲಿ ಬಿಗಿದು, ತೆಗೆದ ಸ್ಥಳ, ಆಳ ಮತ್ತು ದಿನಾಂಕವನ್ನು ಚೀಟಿಯ ಮೇಲೆ ಬರೆದು ಅಂದೇ ಪ್ರಯೋಗಾಲಯಕ್ಕೆ ತಲುಪಿಸಬೇಕು.