ಹೇಳದ ಕಥೆಗೆ ಉಸಿರು ಕಟ್ಟುತ್ತದೆ

ರಾಮನಗರ ದಾಟಿ ಚನ್ನಪಟ್ಟಣದ ಕಡೆಗೆ ಹಳೆಯ ಮೈಸೂರು ರಸ್ತೆ ಹಿಡಿದರೆ ಜಾನಪದ ಲೋಕ ಎಂಬ ವಸ್ತುಸಂಗ್ರಹಾಲಯದ ಹೆಬ್ಬಾಗಿಲು ಸಿಗುತ್ತದೆ. ಹಳೆಯ ರಸ್ತೆ ಎಂದು ಒತ್ತಿ ಹೇಳಲೇಬೇಕು. 2023ರಲ್ಲಿ ದಶಪಥ ಹೆದ್ದಾರಿ ಬಂದ ಮೇಲೆ ಬೆಂಗಳೂರಿನಿಂದ ಹೊರಟವರು ಬಿಡದಿ, ರಾಮನಗರ, ಚನ್ನಪಟ್ಟಣ, ಮದ್ದೂರು ಯಾವುದನ್ನೂ ಮುಟ್ಟದೆ ಮೈಸೂರು ಸೇರುತ್ತಾರೆ. ಮೊದಲಾದರೆ ತಟ್ಟೆ ಇಡ್ಲಿಗೆ ಒಂದು ಕಡೆ, ಬೊಂಬೆಗೆ ಇನ್ನೊಂದು ಕಡೆ, ವಡೆಗೆ ಮತ್ತೊಂದು ಕಡೆ ಗಾಡಿ ನಿಲ್ಲುತ್ತಿತ್ತು. ಆ ನಡುವೆ ಮಕ್ಕಳು ಹಟ ಹಿಡಿದರೆ ಜಾನಪದ ಲೋಕಕ್ಕೂ ಒಂದು ಗಳಿಗೆ ಸಿಗುತ್ತಿತ್ತು. ಈಗ ಅಲ್ಲಿಗೆ ಹೋಗಬೇಕೆಂದು ಮನಸ್ಸು ಮಾಡಿ, ವೇಗದ ರಸ್ತೆ ಬಿಟ್ಟು ಇಳಿದೇ ಹೋಗಬೇಕು. ಇಳಿದು ಹೋಗಿ ಎಂದು ಹೇಳಲಿಕ್ಕೇ ಈ ಬರಹ.

ಸುಮಾರು 15 ಎಕರೆಯ ಈ ಲೋಕವನ್ನು ಕಟ್ಟಿದವರು ಎಚ್.ಎಲ್. ನಾಗೇಗೌಡರು. ನಾಗಮಂಗಲ ತಾಲ್ಲೂಕಿನ ಹೆರಗನಹಳ್ಳಿಯಲ್ಲಿ 1915ರಲ್ಲಿ ಹುಟ್ಟಿ, ಐಎಎಸ್ ಅಧಿಕಾರಿಯಾಗಿ ಕೆಲಸ ಮಾಡಿದವರು. ಕಡತ ನೋಡುವ ಕೆಲಸದ ಜೊತೆಗೇ ಊರೂರಿನ ಹಾಡು, ಕಥೆ, ಗಾದೆಗಳನ್ನು ಕೇಳಿ ಬರೆದುಕೊಳ್ಳುವ ಹುಚ್ಚು ಅವರಿಗೆ ಅಂಟಿತ್ತು. 1979ರಲ್ಲಿ ಕರ್ನಾಟಕ ಜಾನಪದ ಪರಿಷತ್ತು ಹುಟ್ಟಿತು. ಅದರ ಆಶ್ರಯದಲ್ಲಿ 1994ರಲ್ಲಿ ಜಾನಪದ ಲೋಕದ ಬಾಗಿಲು ತೆರೆದಾಗ ಗೌಡರಿಗೆ 79 ವರ್ಷ. ಬೇರೆಯವರು ಮೊಮ್ಮಕ್ಕಳಿಗೆ ಕಥೆ ಹೇಳಿಕೊಂಡಿರುವ ವಯಸ್ಸಿನಲ್ಲಿ ಅವರು ಇಡೀ ನಾಡಿನ ಕಥೆಗೊಂದು ಮನೆ ಕಟ್ಟಿದರು. ಮರುವರ್ಷ ಮುಧೋಳದಲ್ಲಿ ಕನ್ನಡ ಸಾಹಿತ್ಯ ಸಮ್ಮೇಳನದ ಅಧ್ಯಕ್ಷರಾದರು, 2005ರಲ್ಲಿ ತೀರಿಕೊಂಡರು.

ಅವರ ಪುಸ್ತಕಗಳಲ್ಲಿ ಎರಡನ್ನು ಇಲ್ಲಿ ನೆನೆಯಬೇಕು. ಒಂದು, ಎಂಟು ಸಂಪುಟಗಳ ‘ಪ್ರವಾಸಿ ಕಂಡ ಇಂಡಿಯಾ’. ಹೊರನಾಡುಗಳಿಂದ ಬಂದು ನಮ್ಮ ದೇಶದಲ್ಲಿ ಅಲೆದವರ ಬರಹಗಳನ್ನು ಕನ್ನಡಕ್ಕೆ ತಂದ ಭಾರೀ ಕೆಲಸವದು. ಇನ್ನೊಂದು ‘ಸೋಬಾನೆ ಚಿಕ್ಕಮ್ಮನ ಪದಗಳು’. ಸಂಗ್ರಾಹಕರ ಹೆಸರೊಂದೇ ರಟ್ಟಿನ ಮೇಲೆ ಮೆರೆದು, ಹಾಡಿದ ತಾಯಿ ಮುನ್ನುಡಿಯ ಯಾವುದೋ ಸಾಲಿನಲ್ಲಿ ಅಡಗಿಹೋದ ಪುಸ್ತಕಗಳು ಎಷ್ಟಿಲ್ಲ! ಇಲ್ಲಿ ಹಾಡಿದವಳ ಹೆಸರೇ ಪುಸ್ತಕದ ಹೆಸರು. ಕಥೆ ಹುಡುಕಿಕೊಂಡು ಹೋಗುವವರು ಮೊದಲು ಕಲಿಯಬೇಕಾದ ಮರ್ಯಾದೆ ಇದು ಎಂದು ನನಗೆ ಅನ್ನಿಸುತ್ತದೆ. ಮಂಟೇಸ್ವಾಮಿ, ಮಾದೇಶ್ವರರ ಕಾವ್ಯಗಳ ಬೆನ್ನು ಹತ್ತಿ ಅಲೆದ ಜೀ.ಶಂ. ಪರಮಶಿವಯ್ಯನವರೂ ಅದೇ ನಾಗಮಂಗಲ ತಾಲ್ಲೂಕಿನವರು.

ಒಳಗೆ ಲೋಕಮಾತಾ ಮಂದಿರ, ಚಿತ್ರಕುಟೀರ, ಲೋಕಮಹಲ್, ಶಿಲ್ಪಮಾಳ, ಆಯಗಾರರ ಮಾಳ, ದೊಡ್ಡಮನೆ ಎಂದು ಬೇರೆ ಬೇರೆ ಠಾವುಗಳಿವೆ. ಸಾವಿರಾರು ವಸ್ತುಗಳು. ಯಕ್ಷಗಾನದ ವೇಷಗಳು, ತೊಗಲುಗೊಂಬೆಗಳು, ಗಾಣ, ಆಲೆ, ಕುಂಬಾರನ ಚಕ್ರ. ಎಲ್ಲವನ್ನೂ ಒಂದೇ ಸುತ್ತಿನಲ್ಲಿ ನೋಡಿ ಮುಗಿಸಲು ಹೋಗಬೇಡಿ. ಲೋಕಮಾತಾ ಮಂದಿರದ ಅಡುಗೆಮನೆ ಸಾಮಾನುಗಳ ಹತ್ತಿರ ಸ್ವಲ್ಪ ಹೊತ್ತು ನಿಲ್ಲಿ. ಬೀಸುವ ಕಲ್ಲು ಬರೀ ಹಿಟ್ಟು ಮಾಡುವ ಸಲಕರಣೆ ಆಗಿರಲಿಲ್ಲ. ನಸುಕಿನಲ್ಲಿ ಗೂಟ ಹಿಡಿದು ಕೂತ ಹೆಂಗಸು ತನ್ನ ತವರು, ಅತ್ತೆಮನೆ, ಸತ್ತ ಮಗು, ದೂರ ಹೋದ ಅಣ್ಣ, ಎಲ್ಲವನ್ನೂ ಹಾಡಿಕೊಂಡಿದ್ದು ಅದರ ಮುಂದೆಯೇ. ಊರಿಗೆ ಹಿಟ್ಟಿನ ಗಿರಣಿ ಬಂತು, ರಟ್ಟೆಗೆ ಬಿಡುವು ಸಿಕ್ಕಿತು. ಅದು ಒಳ್ಳೆಯದೇ ಆಯಿತು. ಆದರೆ ಹಾಡಲು ಇದ್ದ ಹೊತ್ತೂ ಅದರ ಜೊತೆಗೇ ಹೋಯಿತು. ಕಲ್ಲನ್ನು ತಂದು ಇಡಬಹುದು, ಅದರ ಮುಂದಿನ ಹೊತ್ತನ್ನು ತಂದಿಡುವುದು ಹೇಗೆ? ಪರಿಷತ್ತು ಕಲಾವಿದರ ಹಾಡು, ಕಥೆ, ಕುಣಿತಗಳನ್ನು ಧ್ವನಿಯಲ್ಲೂ ಚಿತ್ರದಲ್ಲೂ ಹಿಡಿದಿಡಲು ಹೊರಟದ್ದರ ಬೆಲೆ ತಿಳಿಯುವುದು ಇಲ್ಲಿ.

ಆ ಹೊತ್ತನ್ನು ತಂದಿಡುವುದು ಹೇಗೆಂಬ ಪ್ರಶ್ನೆಗೆ ಎಲ್ಲಿಂದಲೋ ಬಂದ ಒಂದು ಉತ್ತರವೂ ಇದೆ. ಅದೊಂದು ವಿಡಿಯೊ ಗೇಮ್. 2018ರಲ್ಲಿ ಅಮೆರಿಕದ ಡಿಮ್ ಬಲ್ಬ್ ಗೇಮ್ಸ್ ಎಂಬ ಪುಟ್ಟ ತಂಡ ‘ವೇರ್ ದ ವಾಟರ್ ಟೇಸ್ಟ್ಸ್ ಲೈಕ್ ವೈನ್’ ಎಂಬ ಆಟವನ್ನು ಹೊರತಂದಿತು. 1930ರ ದಶಕದ ಮಹಾ ಆರ್ಥಿಕ ಕುಸಿತದ ಕಾಲದ ಅಮೆರಿಕ. ಇಸ್ಪೀಟಿನಲ್ಲಿ ತೋಳವೊಂದಕ್ಕೆ ಸೋತ ಆಟಗಾರ ಎಲುಬಿನ ಹಂದರವಾಗಿ, ಹೆಗಲಿಗೆ ಗಂಟು ಹಾಕಿಕೊಂಡು ದೇಶವಿಡೀ ನಡೆಯಬೇಕು, ಕಥೆಗಳನ್ನು ಕೂಡಿಸಬೇಕು. ಅದೇ ತೋಳದ ಸಾಲಕ್ಕೆ ಕೊಡುವ ತೀರುವಳಿ. ಗುಂಡು ಹಾರಿಸುವುದಿಲ್ಲ, ಓಟದ ಪಂದ್ಯವಿಲ್ಲ. ರಾತ್ರಿ ಬೆಂಕಿಯ ಬಳಿ ಅಲ್ಲಲ್ಲಿ ಸಿಗುವ ಹದಿನಾರು ಜನ ಅಲೆಮಾರಿಗಳಲ್ಲಿ ಒಬ್ಬರು ನಗುವ ಕಥೆ ಕೇಳುತ್ತಾರೆ, ಒಬ್ಬರು ಹೆದರಿಸುವ ಕಥೆ. ಸರಿಯಾದುದನ್ನು ಹೇಳಿದರೆ ಅವರೂ ಬಾಯಿ ಬಿಟ್ಟು ತಮ್ಮ ಬದುಕು ಹೇಳಿಕೊಳ್ಳುತ್ತಾರೆ.

ಆ ಆಟದ ಜೀವ ಇನ್ನೊಂದು ಏರ್ಪಾಟಿನಲ್ಲಿದೆ. ನೀವು ಹೇಳಿದ ಕಥೆ ಅಲ್ಲಿಗೇ ನಿಲ್ಲುವುದಿಲ್ಲ. ಬಾಯಿಂದ ಬಾಯಿಗೆ ಹೋಗಿ, ನೂರಾರು ಮೈಲಿ ಆಚೆ ಯಾವುದೋ ಊರಿನಲ್ಲಿ ಉಬ್ಬಿ, ಬಣ್ಣ ಬಳಿದುಕೊಂಡು ನಿಮ್ಮ ಕಿವಿಗೇ ಮತ್ತೆ ಬೀಳುತ್ತದೆ. ಬೆಳೆದು ಬಂದ ಆ ಕಥೆಗೆ ಮೊದಲಿನದಕ್ಕಿಂತ ಹೆಚ್ಚು ಬಲ. ಚೀಲ ತುಂಬಿಕೊಂಡವನಿಗಿಂತ ಹಂಚಿದವನ ಕೈಯಲ್ಲೇ ಆಟ ಮುಂದೆ ಸಾಗುತ್ತದೆ. ನಡಿಗೆ ತೀರಾ ನಿಧಾನ ಎಂದು ಆಡಿದವರು ಬಹಳ ಮಂದಿ ದೂರಿದರು. ಮಾರಾಟವೂ ಸೊರಗಿತು, ತಯಾರಕರೇ ಅದನ್ನು ಬಹಿರಂಗವಾಗಿ ಹೇಳಿಕೊಂಡರು. ನನ್ನ ಮಟ್ಟಿಗೆ ಆ ನಿಧಾನವೇ ಅದರ ಸತ್ಯ. ಕಥೆ ಕೂಡಿಸುವ ಕೆಲಸವನ್ನು ಯಾರೂ ಎಂದೂ ಓಡಿಕೊಂಡು ಮಾಡಿಲ್ಲ.

ಹಂಚದ ಕಥೆ ಏನಾಗುತ್ತದೆ ಎಂಬುದನ್ನು ಹೇಳುವ ಕಥೆ ಕನ್ನಡದಲ್ಲೇ ಇದೆ. ಮೈಸೂರಿನಲ್ಲಿ ಹುಟ್ಟಿ ಶಿಕಾಗೊದಲ್ಲಿ ಪಾಠ ಹೇಳಿದ ಎ.ಕೆ. ರಾಮಾನುಜನ್ ಕನ್ನಡದ ಬಾಯಿಮಾತಿನ ಕಥೆಗಳನ್ನು ದಶಕಗಳ ಕಾಲ ಕೂಡಿಸಿದರು. ಅವರು 1993ರಲ್ಲಿ ತೀರಿಕೊಂಡ ಮೇಲೆ 1997ರಲ್ಲಿ ಅವು ಪುಸ್ತಕವಾಗಿ ಬಂದವು. ಅವರು ಕೇಳಿ ಬರೆದುಕೊಂಡ ಒಂದು ಕಥೆ ಹೀಗಿದೆ: ಒಬ್ಬ ಹೆಂಗಸಿಗೆ ಒಂದು ಕಥೆ ಗೊತ್ತಿತ್ತು, ಒಂದು ಹಾಡು ಗೊತ್ತಿತ್ತು. ಯಾರಿಗೂ ಹೇಳಲಿಲ್ಲ, ಹಾಡಲಿಲ್ಲ. ಒಳಗೇ ಉಸಿರು ಕಟ್ಟಿದ ಎರಡೂ ಅವಳು ಬಾಯಿ ಬಿಟ್ಟು ಮಲಗಿದ್ದಾಗ ಹೊರಬಿದ್ದವು. ಕಥೆ ಬಾಗಿಲಲ್ಲಿ ಒಂದು ಜೊತೆ ಜೋಡಾಗಿ ಕೂತಿತು, ಹಾಡು ಗಂಡಸಿನ ಕೋಟಾಗಿ ಗೂಟಕ್ಕೆ ನೇತುಬಿತ್ತು. ಮನೆಗೆ ಬಂದ ಗಂಡ ಯಾರು ಬಂದಿದ್ದಾರೆ ಎಂದ. ಯಾರೂ ಇಲ್ಲ ಎಂದಳು. ಜಗಳವಾಗಿ ಅವನು ಕಂಬಳಿ ಹೊದ್ದು ಹನುಮನ ಗುಡಿಯಲ್ಲಿ ಮಲಗಲು ಹೋದ. ಊರಿನ ದೀಪಗಳೆಲ್ಲ ಆರಿದ ಮೇಲೆ ಜ್ವಾಲೆಗಳು ಅದೇ ಗುಡಿಗೆ ಬಂದು ಹರಟುತ್ತವೆ. ತಡವಾಗಿ ಬಂದ ಅವನ ಮನೆಯ ಜ್ವಾಲೆ ನಡೆದದ್ದನ್ನೆಲ್ಲ ಬಿಡಿಸಿ ಹೇಳಿತು. ಗಂಡ ಮನೆಗೆ ಓಡಿ, ನಿನ್ನ ಕಥೆ ಯಾವುದು, ಹಾಡು ಯಾವುದು ಎಂದು ಕೇಳಿದ. ಅವಳಿಗೆ ಅಷ್ಟರಲ್ಲಿ ಎರಡೂ ಮರೆತುಹೋಗಿದ್ದವು.

ಗುಡಿಯಲ್ಲಿ ಸೇರುವ ಜ್ವಾಲೆಗಳನ್ನು ಗಿರೀಶ ಕಾರ್ನಾಡರ ‘ನಾಗಮಂಡಲ’ ನೋಡಿದವರು ಬಲ್ಲರು. ಆ ನಾಟಕಕ್ಕೆ ಎಳೆ ಸಿಕ್ಕಿದ್ದು ರಾಮಾನುಜನ್ ಹೇಳಿದ ಕಥೆಗಳಿಂದ. ಅಜ್ಜಿಯೊಬ್ಬಳ ಬಾಯಿಂದ ಸಂಗ್ರಾಹಕನ ಕಿವಿಗೆ, ಅಲ್ಲಿಂದ ರಂಗಕ್ಕೆ ಬಂದ ಕಥೆ ಪ್ರತಿ ಮಜಲಿನಲ್ಲೂ ಬೆಳೆಯಿತು.

ಚನ್ನಪಟ್ಟಣದಿಂದ ಕನಕಪುರದವರೆಗಿನ ಈ ಸೀಮೆಗೆ ಅಲೆಮಾರಿ ಕಥೆ ಹೊಸತೇನಲ್ಲ. ಮಾದಪ್ಪನ, ಅಂದರೆ ಮಾದೇಶ್ವರನ, ಒಕ್ಕಲುಗಳ ನಾಡಿದು. ಶಿವರಾತ್ರಿ ಹತ್ತಿರ ಬಂದರೆ ಇಲ್ಲಿನ ಭಕ್ತರು ಸಂಗಮದ ಕಡೆ ಕಾವೇರಿ ದಾಟಿ, ಕಾಡುಹಾದಿಯಲ್ಲಿ ಮಲೆ ಮಾದೇಶ್ವರನ ಬೆಟ್ಟಕ್ಕೆ ನಡೆದೇ ಹೋಗುತ್ತಾರೆ. ಕಂಸಾಳೆ ಹಿಡಿದ ದೇವರಗುಡ್ಡರು ಮಾದಪ್ಪನನ್ನು, ತಂಬೂರಿ ಹಿಡಿದ ನೀಲಗಾರರು ಮಂಟೇಸ್ವಾಮಿಯನ್ನು ಹಾಡುವುದು ಸಾಲು ಸಾಲಾಗಿ, ಅಂದರೆ ಬಿಡಿ ಬಿಡಿ ಕಥಾಭಾಗಗಳಾಗಿ. ಸಂಕಮ್ಮನ ಸಾಲು, ಜುಂಜೇಗೌಡನ ಸಾಲು, ಬೇವಿನಹಟ್ಟಿ ಕಾಳಮ್ಮನ ಸಾಲು. ಒಂದೊಂದು ಸಾಲೂ ಒಂದು ಮನೆಬಾಗಿಲು. ಅಲೆಯುತ್ತ ಬಂದ ಮಾದಪ್ಪ ಭಿಕ್ಷೆ ಕೇಳುತ್ತಾನೆ. ಒಬ್ಬರು ನೀಡುತ್ತಾರೆ, ಕಾಳಮ್ಮನಂಥ ಸಿರಿವಂತೆ ಬೈದು ಅಟ್ಟುತ್ತಾಳೆ, ಅದರ ಫಲ ಉಣ್ಣುತ್ತಾಳೆ. ಹಲಗೂರಿನ ಪಾಂಚಾಳರ ಬಳಿ ಕಬ್ಬಿಣದ ಭಿಕ್ಷೆಗೆ ಹೋದ, ಮಂಟೇಸ್ವಾಮಿಯ ಶಿಷ್ಯ ಸಿದ್ದಪ್ಪಾಜಿ ಎದುರಿಸಿದ ಪರೀಕ್ಷೆಗಳನ್ನು ರಾತ್ರಿಯಿಡೀ ಹಾಡಬಹುದು. ಆ ಹಲಗೂರು ಇರುವುದು ಕನಕಪುರದಿಂದ ಮಳವಳ್ಳಿಗೆ ಹೋಗುವ ದಾರಿಯಲ್ಲೇ. ಅಮೆರಿಕದ ಆಟ ತನಗಾಗಿ ಕಂಡುಕೊಂಡ ರಚನೆ ನಮ್ಮ ನೀಲಗಾರರಿಗೆ ತಲೆಮಾರುಗಳಿಂದ ಬಾಯಿಪಾಠ. ಸಾಲುಗಳನ್ನು ಹೇಗೆ ಬೇಕಾದರೂ ಪೋಣಿಸಬಹುದು. ಕೇಳುವವರು ಯಾರು, ರಾತ್ರಿ ಎಷ್ಟು ಉಳಿದಿದೆ ಎಂದು ನೋಡಿ ಹಿಗ್ಗಿಸಬಹುದು, ಕುಗ್ಗಿಸಬಹುದು.

ಹಾಗಾದರೆ ನಮ್ಮ ಆಟ ಎಲ್ಲಿ? ಗೇಮ್ ಕಟ್ಟುವ ಎಳೆಯರು ತುಂಬಿರುವ ಬೆಂಗಳೂರು ಇಲ್ಲಿಂದ ಐವತ್ತು ಚಿಲ್ಲರೆ ಕಿಲೋಮೀಟರ್. ಸಾಲಿನಿಂದ ಸಾಲಿಗೆ ನಡೆಯುವ, ಕಾವೇರಿ ದಾಟುವ, ಪಡಸಾಲೆಯಲ್ಲಿ ಕೂತು ಹ್ಞೂಂಗುಟ್ಟಿದರಷ್ಟೇ ಅಜ್ಜಿ ಕಥೆ ಮುಂದುವರಿಸುವ ಒಂದು ಕನ್ನಡದ ಆಟ ಬರಬೇಕೆಂದು ನನ್ನ ದೊಡ್ಡ ಆಸೆ. ಆದರೆ ಅವಸರದಲ್ಲಿ ಬೇಡ. ನೀಲಗಾರರದು ದೀಕ್ಷೆ ಪಡೆದು ಹಾಡುವ ಪರಂಪರೆ, ಒಕ್ಕಲುಗಳಿಗೆ ಅದು ದೇವರ ಮಾತು. 2014ರಲ್ಲಿ ಅಲಾಸ್ಕದ ಇನ್ಯುಪಿಯಾಕ್ ಸಮುದಾಯದ ಜೊತೆ ಸೇರಿ ‘ನೆವರ್ ಅಲೋನ್’ ಎಂಬ ಆಟ ಮಾಡಿದವರು ನಮಗೆ ಮೇಲ್ಪಂಕ್ತಿ. ಕಥೆ ಹೇಳಿದ್ದ ಹಿರಿಯ ತೀರಿಹೋಗಿದ್ದರು. ತಂಡ ಅವರ ವಯಸ್ಸಾದ ಮಗಳನ್ನು ಹುಡುಕಿ ಒಪ್ಪಿಗೆ ಪಡೆಯಿತು. ನಿರೂಪಣೆ ಅವರದೇ ನುಡಿಯಲ್ಲಿ ಇತ್ತು. ಆಟದ ನಡುನಡುವೆ ಸಮುದಾಯದವರೇ ಕಾಣಿಸಿಕೊಂಡು ಮಾತಾಡಿದರು. ಚಿಕ್ಕಮ್ಮನ ಹೆಸರನ್ನು ರಟ್ಟಿನ ಮೇಲೆ ಹಾಕಿದ ನಾಗೇಗೌಡರ ನಡೆಗೂ ಇದಕ್ಕೂ ನೇರ ನೆಂಟಸ್ತನವಿದೆ. ನಮ್ಮಲ್ಲಿ ಆಟ ಬಂದರೆ ಹಾಡಿದವರ ಹೆಸರು ಮೊದಲ ತೆರೆಯ ಮೇಲೆ ಇರಬೇಕು, ಗಳಿಕೆಯಲ್ಲಿ ಅವರಿಗೂ ಪಾಲು ಇರಬೇಕು.

ಅದು ಬರುವ ತನಕ ಜಾನಪದ ಲೋಕವಂತೂ ಇದೆ. ವರ್ಷಕ್ಕೊಮ್ಮೆ, ಚಳಿಗಾಲ ಮುಗಿಯುವ ಹೊತ್ತಿಗೆ, ನಡೆಯುವ ಲೋಕೋತ್ಸವಕ್ಕೆ ನಾಡಿನ ನಾನಾ ಕಡೆಯ ಕಲಾವಿದರು ಬರುತ್ತಾರೆ; ಆಷಾಢದ ಗಾಳಿಗೆ ಗಾಳಿಪಟ ಉತ್ಸವ ನಡೆಯುತ್ತದೆ. ಬರೀ ವಸ್ತುಗಳನ್ನು ನೋಡಲು ಬಾಗಿಲು ತೆರೆದಿರುವ ಯಾವ ದಿನವಾದರೂ ಆದೀತು, ಹಾಡುವ ಬಾಯಿಗಳನ್ನು ಕೇಳಬೇಕೆಂದರೆ ಲೋಕೋತ್ಸವದ ಹೊತ್ತನ್ನೇ ಆರಿಸಿಕೊಳ್ಳಿ. ಬೆಂಗಳೂರಿನಿಂದ ಬರುವವರು ದಶಪಥ ಹತ್ತದೆ ಬಿಡದಿ, ರಾಮನಗರದ ಊರೊಳಗಿನ ರಸ್ತೆಯಲ್ಲೇ ಬನ್ನಿ. ಬೆಳಿಗ್ಗೆ ಬೇಗ ಹೊರಡಿ, ಮಧ್ಯಾಹ್ನಕ್ಕೆ ಬೇರೆ ಕಾರ್ಯಕ್ರಮ ಇಟ್ಟುಕೊಳ್ಳಬೇಡಿ. ಮಕ್ಕಳ ಜೊತೆ ಮನೆಯ ಹಿರಿಯರೊಬ್ಬರನ್ನೂ ಕರೆತನ್ನಿ. ಆಯಗಾರರ ಮಾಳದಲ್ಲಿ, ದೊಡ್ಡಮನೆಯಲ್ಲಿ ಅವರು ಯಾವ ಸಾಮಾನಿನ ಮುಂದೆ ತಾವಾಗಿ ನಿಲ್ಲುತ್ತಾರೋ ಅಲ್ಲಿ ನೀವೂ ನಿಂತು, ಇದರಿಂದ ಏನು ಮಾಡುತ್ತಿದ್ದಿರಿ ಎಂದು ಕೇಳಿ.